ಹಾಡು ಇಟ್ಟ ಮೂರು ಮನೆ

ಬೈಲಹೊಂಗಲದ ಬಜಾರಿನಲ್ಲಿ ನಾಗರತ್ನಾಳ ಡಿ.ಟಿ.ಪಿ. ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಖೋಲಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿಗಳು ಕೂಡ್ರಲು ಒಂದು ಬಾಕು. ಲಗ್ನಪತ್ರಿಕೆ, ಅರ್ಜಿ, ಸಾಲೆಯ ಪ್ರಶ್ನೆಪತ್ರಿಕೆ, ಬಂದದ್ದನ್ನೆಲ್ಲ ಟೈಪು ಮಾಡಿ ಕೊಡುತ್ತಿದ್ದಳು. ಮಧ್ಯಾಹ್ನ ಎರಡರ ನಂತರ ಊರಿಗೆ ಊರೇ ತೂಕಡಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಅತ್ತೆ ಗುರುಬಸವ್ವ ಬುತ್ತಿ ಹಿಡಿದು ಬರುತ್ತಿದ್ದಳು. ಸೊಸೆ ಉಂಡು ಕೈತೊಳೆದ ಮೇಲೆ ಬಾಕಿನ ಮೇಲೆ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ ಹಾಡು ಹೇಳುತ್ತಿದ್ದಳು.

ಅವು ಬೀಜದ ಹಾಡು. ಗುರುಬಸವ್ವನ ತವರು ಉಗರಗೋಳ. ಅಲ್ಲಿಂದ ಬರುವಾಗ ಬಂಗಾರ ತಂದಳೋ ಇಲ್ಲವೋ, ಅರವತ್ತಮೂರು ಹಾಡು ತಂದಿದ್ದಳು. ಜೋಳಕ್ಕೊಂದು, ಸವತಿಕಾಯಿಗೊಂದು, ಹೀರಿಕಾಯಿಗೊಂದು, ಮಳೆ ತಡವಾದರೆ ಮತ್ತೊಂದು. 2001ರ ಬೇಸಿಗೆಯಿಂದ ಹಿಡಿದು ಮುಂದಿನ ಯುಗಾದಿಯವರೆಗೆ ಅವಳು ಹಾಡಿದಳು, ನಾಗರತ್ನಾ ಟೈಪು ಮಾಡಿದಳು. ಕರೆಂಟು ಹೋದರೆ ಮುದುಕಿ ಅರ್ಧ ಸಾಲಿಗೇ ನಿಲ್ಲಿಸಿ, ಫ್ಯಾನು ಮತ್ತೆ ತಿರುಗಿದಾಗ ಅದೇ ಸಾಲಿನಿಂದ ಎತ್ತಿಕೊಳ್ಳುತ್ತಿದ್ದಳು. ಅರೆನಿದ್ದೆಯಲ್ಲಿ ಬೆರಳು ಆಡಿಸುತ್ತಿದ್ದ ನಾಗರತ್ನಾಳಿಗೆ ಎಷ್ಟೋ ಸಲ, ಅಕ್ಷರ ಪರದೆಯ ಮೇಲೆ ಮೂಡುತ್ತಿವೆಯೋ, ಮಣ್ಣಿನಿಂದ ಏಳುತ್ತಿವೆಯೋ ತಿಳಿಯುತ್ತಿರಲಿಲ್ಲ.

ಒಂದು ದಿನ ಗುರುಬಸವ್ವ ಕಣ್ಣು ತೆರೆದು ಕೇಳಿದಳು:

"ನಾ ಹಾಡಿದ್ದು ಈಗ ಎಲ್ಲಿ ಹೋತವ್ವಾ?"

"ಈ ಪೆಟ್ಟಿಗ್ಯಾಗ ಐತ್ರಿ ಅತ್ತ್ಯಾರ. ಆಮ್ಯಾಲೆ ಈ ಫ್ಲಾಪಿಯೊಳಗ ಇಡತೇನಿ." ನಾಗರತ್ನಾ ಅಂಗೈಯಗಲದ ಚಪ್ಪಟೆ ಬಿಲ್ಲೆಯನ್ನು ತೋರಿಸಿದಳು. ಅದರ ಅಂಚಿನ ತಗಡಿನ ಬಾಗಿಲನ್ನು ಮುದುಕಿ ಉಗುರಿನಿಂದ ಸರಿಸಿ, ಒಳಗೆ ಇಣುಕಿ, ಮತ್ತೆ ಮುಚ್ಚಿದಳು.

"ನಾ ಹ್ವಾದ ಮ್ಯಾಲೂ ಇರತಾವೇನ?"

"ಇರತಾವ್ರಿ. ನನ್ನ ಮಾತು."

"ಒಂದ ಮನ್ಯಾಗ ಇಟ್ಟ ಬೀಜ ಬೀಜ ಅಲ್ಲವ್ವಾ, ಇಲಿಗೆ ಇಟ್ಟ ಊಟ."

ಅದು ಆ ಮನೆಯ ರೂಢಿ. ಸುಗ್ಗಿಯಾದ ಮೇಲೆ ಬೀಜಕ್ಕೆ ಬೂದಿ ಸವರಿ ಅರ್ಧ ತಮ್ಮ ಗಡಿಗೆಯಲ್ಲಿ ಇಡುವುದು, ಇನ್ನರ್ಧ ಮಗಳು ಸೋಮವ್ವನ ಗಂಡನ ಮನೆಗೆ, ರಾಮದುರ್ಗದ ಕಡೆಯ ಸಾಲಹಳ್ಳಿಗೆ ಒಯ್ದು ಇಡುವುದು. ಇಲ್ಲಿ ಹುಳ ಹತ್ತಿದರೆ ಅಲ್ಲಿ ಉಳಿಯುತ್ತದೆ, ಅಲ್ಲಿ ನೀರು ಹೊಕ್ಕರೆ ಇಲ್ಲಿ. ಒಯ್ಯಲು ಯಾವಾಗಲೂ ಗುರುಬಸವ್ವನೇ ಹೋಗಬೇಕು, ಹೋದರೆ ವಾರ ಇದ್ದು ಬರಬೇಕು.

ಈ ಮಾತನ್ನು ಬಾಗಿಲಲ್ಲಿ ನಿಂತು ಕೇಳಿದವನು ಕಲ್ಮೇಶ. ಎರಡು ಅಂಗಡಿ ಆಚೆ ಇಂಟರ್ನೆಟ್ ಅಂಗಡಿ ತೆರೆದಿದ್ದ ಹುರುಪಿನ ಮನುಷ್ಯ, ಬಾಯಿ ಸ್ವಲ್ಪ ಮುಂದು.

"ಅಜ್ಜಿ ಹೇಳೂದು ಖರೇ ಐತ್ರಿ ಅಕ್ಕಾರ. ನಾಳೆ ನಿಮ್ಮ ಅಂಗಡಿಗೆ ಬೆಂಕಿ ಬಿತ್ತಂದ್ರ…"

"ಬಿಡ್ತು ಅನ್ನೋ! ಎಂಥಾ ಬಾಯಿ ನಿಂದು!" ನಾಗರತ್ನಾ ಗದರಿದಳು.

"ಬಿಡ್ತ್ರಿ. ಅಂದ್ರೂ ಹೇಳತೇನಿ. ಒಂದು ಮೇಲ್ ಖಾತೆ ತಗದು ಅದರಾಗ ಹಾಕಿಡ್ರಿ. ಎಲ್ಲೋ ಪರದೇಶದ ದೊಡ್ಡ ಕಂಪ್ಯೂಟರಿನ್ಯಾಗ ಇರತಾವು. ಧಾರವಾಡಕ್ಕ ಹೋದ್ರೂ ತಗೀಬಹುದು, ದಿಲ್ಲಿಗೆ ಹೋದ್ರೂ ತಗೀಬಹುದು. ರೊಕ್ಕ ಇಲ್ಲ ಏನಿಲ್ಲ."

ಗುರುಬಸವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅದು ಯಾರ ಮನಿಯಪ್ಪಾ? ಆ ಮನ್ಯಾಕಿ ಹೆಸರೇನ?"

"ಕಂಪನಿ ಐತಬೇ, ಮನಿ ಅಲ್ಲ."

"ಹೆಸರ ಗೊತ್ತಿಲ್ಲದ ಮನ್ಯಾಗ ಬೀಜ ಇಡತೀಯೇನು? ಆತು, ಇಡ್ರಿ. ಖರೆ, ಇಟ್ಟ ಮ್ಯಾಲೆ ಆಗಾಗ ಹೋಗಿ ಮಾತಾಡಿಸಿ ಬರ್ರಿ. ಮಾತಾಡಿಸದಿದ್ರ ಹೊರಗ ಚೆಲ್ಲತಾರು."

ಕಲ್ಮೇಶ ಹೊಟ್ಟೆ ಹಿಡಿದು ನಕ್ಕ. ನಾಗರತ್ನಾಳೂ ನಕ್ಕಳು. ಹಾಡುಗಳು ಅದೇ ಸಂಜೆ ಆ ಹೆಸರಿಲ್ಲದ ಮನೆ ಸೇರಿದವು. ಆಮೇಲೆ ಮಧ್ಯಾಹ್ನದ ಜೊಂಪಿನಲ್ಲಿ ನಾಗರತ್ನಾಳಿಗೆ ಆ ಮನೆ ಕಾಣುತ್ತಿತ್ತು. ಕಡಲಿನಾಚೆ, ಉದ್ದನೆಯ ಪಡಸಾಲೆ, ಸಾಲಾಗಿ ಇಟ್ಟ ಲಕ್ಷ ಗಡಿಗೆ. ಯಾರೋ ಒಬ್ಬ ಬೆಳ್ಳನೆಯ ಹೆಂಗಸು ಸೀರೆ ಸೆರಗು ಸಿಗಿಸಿಕೊಂಡು ಒಂದೊಂದನ್ನೇ ಒರೆಸುತ್ತಿದ್ದಳು. ಪರದೇಶದಾಕಿ ಸೀರೆ ಯಾಕೆ ಉಟ್ಟಾಳು? ಕನಸಿಗೆ ಯಾರು ಕೇಳುತ್ತಾರೆ!

ಪ್ರಿಂಟ್ ತೆಗೆದಿಡಬೇಕಿತ್ತು. ತೆಗೆಯಲಿಲ್ಲ. ಎಲ್ಲ ಮುಗಿಯಲಿ, ಒಮ್ಮೆಲೇ ಚಂದಗೆ ಪುಸ್ತಕ ಮಾಡೋಣ ಎಂದು ಅತ್ತೆ-ಸೊಸೆ ಇಬ್ಬರೂ ದಿನ ನೂಕಿದರು. 2003ರಲ್ಲಿ ಹಳೆಯ ಕಂಪ್ಯೂಟರು ಕೊಟ್ಟು ಹೊಸದು ತಂದಾಗ, ಹಾಡುಗಳು ಹೊಸದಕ್ಕೆ ಏರದೆಯೇ, ಎರಡು ಫ್ಲಾಪಿಗಳಲ್ಲಿ ಬಿಸ್ಕೀಟಿನ ಡಬ್ಬಿ ಸೇರಿದವು. ಒಂದಕ್ಕೆ ಎರಡಿರಲಿ ಎಂದು ಅವಳ ಲೆಕ್ಕ. ಆದರೆ ಎರಡೂ ಒಂದೇ ಡಬ್ಬಿಯಲ್ಲಿ!

2004ರ ಶ್ರಾವಣದಲ್ಲಿ ಗುರುಬಸವ್ವ ಮಲಗಿದಲ್ಲೇ ಹೋದಳು. ಹಾಸಿಗೆ ಹಿಡಿಯಲಿಲ್ಲ, ಯಾರಿಂದಲೂ ನೀರು ಕೇಳಲಿಲ್ಲ. ಒಂದು ತಿಂಗಳು ನಾಗರತ್ನಾಳಿಗೆ ಎರಡು ಗಂಟೆಯಾದರೆ ಸಾಕು, ಬಾಕಿನ ಕಡೆ ಕಣ್ಣು ಹೋಗುತ್ತಿತ್ತು. ಕೊನೆಗೆ ಒಂದು ದಿನ, ಅಳು ತಡೆಯಲಾಗದೆ, ಹಾಡನ್ನಾದರೂ ನೋಡೋಣವೆಂದು ಡಬ್ಬಿ ತೆರೆದಳು.

ಫ್ಲಾಪಿಗಳ ಮೇಲೆ ಅರಿಷಿಣ. ಹೋದ ಮಹಾನವಮಿಗೆ ಕುಡಗೋಲು, ಕುರ್ಪಿ, ತಕ್ಕಡಿಗಳ ಸಾಲಿನಲ್ಲಿ ಗುರುಬಸವ್ವ ಇವನ್ನೂ ಇಟ್ಟು ಪೂಜೆ ಮಾಡಿದ್ದು ಅವಳಿಗೆ ನೆನಪಿತ್ತು. ಆದರೆ ತಗಡಿನ ಬಾಗಿಲು ಸರಿಸಿದರೆ ಒಳಗೂ ಅರಿಷಿಣ! ಎಲ್ಲಮ್ಮನ ಗುಡ್ಡದ ಭಂಡಾರವನ್ನು ಮುದುಕಿ ಚಿಟಿಕೆ ಚಿಟಿಕೆಯಾಗಿ ಒಳಗೇ ಉದುರಿಸಿದ್ದಳು. ಹಾಡು ಇರುವುದು ಒಳಗಲ್ಲವೇ, ಹೊರಗೆ ಹಚ್ಚಿದರೆ ಅವಕ್ಕೆ ಹೇಗೆ ಮುಟ್ಟೀತು? ಕಂಪ್ಯೂಟರಿಗೆ ಹಾಕಿದರೆ ಗರಗರ ಸದ್ದು, ಅಷ್ಟೇ. ಎರಡೂ ಹೋಗಿದ್ದವು. ಸಿಟ್ಟು ಬರಲಿಲ್ಲ ಅವಳಿಗೆ. ಪ್ರೀತಿಯಿಂದ ಕೆಡಿಸಿದ್ದಕ್ಕೆ ಯಾರ ಮೇಲೆ ಸಿಟ್ಟಾಗುವುದು?

ಅವಳು ಕಲ್ಮೇಶನ ಅಂಗಡಿಗೆ ಓಡಿದಳು. ಅವನು ಹೆಸರು ಹೊಡೆದ, ಗುಟ್ಟಿನ ಪದ ಹೊಡೆದ, ಮತ್ತೆ ಹೊಡೆದ. ಆಮೇಲೆ ಕುತ್ತಿಗೆ ತುರಿಸಿಕೊಂಡ.

"ಖಾತೆ ಬಂದ್ ಆಗೈತ್ರಿ ಅಕ್ಕಾರ. ಭಾಳ ದಿನ ತೆರೀಲಿಲ್ಲಂದ್ರ ಅಳಿಸಿ ಬಿಡತಾರಂತ. ನೀವು ಒಳಗ ಹೋಗಿ ಎಷ್ಟ ದಿನಾತ್ರಿ?"

ಒಂದೂವರೆ ವರ್ಷ. ಮಾತಾಡಿಸದಿದ್ದರೆ ಹೊರಗೆ ಚೆಲ್ಲುತ್ತಾರೆ. ನಗೆಚಾಟಿಕೆ ಮಾಡಿದ್ದ ಕಲ್ಮೇಶನೂ ತಲೆ ತಗ್ಗಿಸಿ ಕೂತ. ಅಂದಿನಿಂದ ನಾಗರತ್ನಾಳ ಮಧ್ಯಾಹ್ನದ ಕನಸಿನಲ್ಲಿ ಆ ಪಡಸಾಲೆಗೆ ಬೀಗ. ಬಾಗಿಲ ಮುಂದೆ ಗುರುಬಸವ್ವ ನಿಂತಿರುತ್ತಿದ್ದಳು, ಬಯ್ಯುತ್ತಿರಲಿಲ್ಲ. ಬಯ್ದಿದ್ದರೆ ಚಲೋ ಇತ್ತು. ನನ್ನ ಮಾತು ಎಂದು ಹೇಳಿದವಳು ತಾನಲ್ಲವೇ!

ಆ ವರ್ಷ ಬೀಜಕ್ಕೆ ಸರಿಯಾಗಿ ಬೂದಿ ಸವರುವವರೂ ಇರಲಿಲ್ಲ. ಗಡಿಗೆಗೆ ಹುಳ ಹತ್ತಿತು. 2005ರ ರೋಹಿಣಿ ಮಳೆಯ ಮುಂದೆ ಗಂಡ ಶ್ರೀಶೈಲ, "ಸಾಲಹಳ್ಳಿಗೆ ಈಗ ನೀನ ಹೋಗಬೇಕಾಕೈತಿ" ಎಂದ. ನಾಗರತ್ನಾ ಖಾಲಿ ಚೀಲ ಹಿಡಿದು ಬಸ್ಸು ಹತ್ತಿದಳು. ಸವದತ್ತಿ ದಾಟಿ ಕರಿಮಣ್ಣಿನ ಹೊಲ ಕಿಟಕಿಯಲ್ಲಿ ಓಡುತ್ತಿದ್ದಾಗ, ನಾದಿನಿಗೆ ಇದನ್ನು ಹೇಗೆ ಹೇಳುವುದು ಎನ್ನುವುದೊಂದೇ ಚಿಂತೆ.

ಸೋಮವ್ವ ಸೇರು ತೆಗೆದುಕೊಂಡು ಗಡಿಗೆಯ ಮುಂದೆ ಕೂತಳು. ಮೊದಲ ಸೇರು ಚೀಲಕ್ಕೆ ಸುರಿಯುತ್ತ, ಕಣ್ಣು ಮುಚ್ಚಿ, ಜೋಳದ ಹಾಡು ಎತ್ತಿದಳು.

ನಾಗರತ್ನಾ ಹಿಡಿದಿದ್ದ ಚೀಲದ ಬಾಯಿ ಬಿಟ್ಟು ಅವಳ ಪಕ್ಕ ಕೂತಳು. "ನಿಮಗ… ಇದು ನಿಮಗ ಬರತೈತೇನ ಸೋಮವ್ವಾ?"

"ಅಯ್ಯ! ಬೀಜ ಮೂಕಾಗಿ ಕೊಡಬಾರದ್ರಿ ವೈನಿ. ಅವ್ವ ವಾರಗಟ್ಲೆ ಇಲ್ಲಿ ಇರತಿದ್ದಿದ್ದು ಯಾಕಂತ ತಿಳದೀರಿ? ನನ್ನ ಹಿಡಕೊಂಡು ಕುಂದ್ರತಿದ್ಲು. ಎಲ್ಲಾ ಬರಂಗಿಲ್ಲ, ನಲವತ್ತು ಬಂದಾವು. ನಾ ದಡ್ಡಿ."

ನಾಗರತ್ನಾ ಎಲ್ಲವನ್ನೂ ಹೇಳಿಬಿಟ್ಟಳು. ಭಂಡಾರ, ಬೀಗ, ಕೊಟ್ಟ ಮಾತು. ಸೋಮವ್ವ ಭಂಡಾರದ ಮಾತಿಗೆ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಮಗಳ ಸಾಲೆಯ ನೋಟಬುಕ್ಕು ತಂದು ಕೊಟ್ಟಳು. ಎರಡು ದಿನ ಅವಳು ಹಾಡಿದಳು, ಇವಳು ಬರೆದಳು. ಕೆಲವು ಹಾಡು ಬೇರೆ ಥರ ಆಗಿದ್ದವು. ಉಗರಗೋಳದ ಹಳ್ಳ ಸಾಲಹಳ್ಳಿಯ ಹಳ್ಳವಾಗಿತ್ತು. ಇಪ್ಪತ್ಮೂರು ಹಾಡು ಸಿಗಲೇ ಇಲ್ಲ.

ಸವತಿಕಾಯಿಯ ಹಾಡಿನ ಕೊನೆಗೆ ಸೋಮವ್ವ ತಟ್ಟನೆ ನಿಂತಳು. "ಇನ್ನೊಂದ ನುಡಿ ಐತಿ. ಕಡೀ ಸಲ ಬಂದಾಗ ಅವ್ವ ತಾನ ಕಟ್ಟಿದ್ದು. ಬ್ಯಾಡ ಬಿಡ್ರಿ."

"ಹೇಳ್ರಿ, ನನ್ನಾಣಿ."

ಸೋಮವ್ವ ಗೋಡೆಯ ಕಡೆ ಮುಖ ಮಾಡಿ ಹಾಡಿದಳು:

ಬೊಟ್ಟಿನ ತುದಿಯಾಗ ನನ ಹಾಡ ಹಿಡದಾಕಿ
ಹೊಟ್ಟ್ಯಾಗ ಹುಟ್ಟಿದ ಮಗಳಲ್ಲ, ನಾಗರತ್ನಾ
ಹುಟ್ಟಿದಾಕಿಗಿಂತ ಹೆಚ್ಚ ನನಗ

ಪೆನ್ನು ನಾಗರತ್ನಾಳ ಕೈಯಲ್ಲೇ ನಿಂತಿತು. ಅರವತ್ತಮೂರು ಹಾಡು ಕೇಳಿದ್ದರೂ ಈ ಒಂದು ನುಡಿ ಅವಳ ಮುಂದೆ ಯಾವತ್ತೂ ಬಂದಿರಲಿಲ್ಲ.

"ನೋಡ್ರಿ ನಮ್ಮವ್ವನ ಧಿಮಾಕು!" ಎಂದಳು ಸೋಮವ್ವ, ಮೂಗು ಸೀನುತ್ತ. "ಹುಟ್ಟಿದ ಮಗಳು ನಾ ಇಲ್ಲಿ ಕುಂತೇನಿ, ನನ್ನ ಬಾಯಾಗ ಇದನ್ನ ಇಟ್ಟ ಹೋಗ್ಯಾಳ. ಅಳಬ್ಯಾಡ್ರಿ, ಹಾಳಿ ತೊಯ್ಸೀರಿ. ಬರಕೋರಿ ವೈನಿ. ಎರಡ ಕಡೆ ಬರಕೋರಿ."