ಬೆನ್ನು ತೋರಿಸದ ಕುಣಿತ

ನನ್ನ ಜೀವಮಾನದಲ್ಲಿ ನಾನು ಕಟ್ಟಿದ ಒಳ್ಳೆಯ ಕುಣಿತ ಒಂದೇ ಒಂದು. ಅದನ್ನು ಯಾರೂ ನೋಡಲಿಲ್ಲ. ಜನ ನೋಡಿದ್ದು, ಮೆಚ್ಚಿದ್ದು, ವನ್ಸ್ ಮೋರ್ ಎಂದು ಕೂಗಿದ್ದು ಬೇರೆಯದನ್ನು. ಈ ಸಂಕಟವನ್ನು ಹೇಳಿಕೊಂಡರೆ ನನ್ನ ಮೊಮ್ಮಕ್ಕಳ ವಯಸ್ಸಿನವರು, "ಇಷ್ಟಕ್ಕ ಅಳ್ತೀಯೇನಜ್ಜಿ?" ಎನ್ನುತ್ತಾರೆ. ಹೌದು, ಇಷ್ಟಕ್ಕೇ.

ಎರಡನೆಯ ದೊಡ್ಡ ಯುದ್ಧ ಮುಗಿದ ಮರುವರ್ಷದ ಮಳೆಗಾಲ ಅದು. ಜಮಖಂಡಿಯಲ್ಲಿ ಇನ್ನೂ ಸಂಸ್ಥಾನದ ಕಾರಭಾರವೇ ನಡೆದಿತ್ತು. ಅಲ್ಲಿಯ ಸರದಾರರೊಬ್ಬರು ನಮ್ಮಿಬ್ಬರನ್ನು ತಮ್ಮ ವಾಡೆಗೆ ಕರೆಸಿಕೊಂಡರು. ನಾನು ಮುಧೋಳದವಳು. ಅವಳು ಬನಹಟ್ಟಿಯವಳು, ನನಗಿಂತ ಬಹಳ ಹಿರಿಯಳು. ಇಬ್ಬರದೂ ಹಾಡು-ಕುಣಿತದ ಮನೆತನ. ಮದುವೆ ಮನೆಗಳಲ್ಲಿ, ದೊಡ್ಡವರ ಬೈಠಕ್ಕುಗಳಲ್ಲಿ ಒಬ್ಬಳಾದ ಮೇಲೆ ಒಬ್ಬಳು ಕುಣಿದವರೇ ಹೊರತು ಜೋಡಿಯಾಗಿ ಕುಣಿದವರಲ್ಲ. ಸರದಾರರಿಗೆ ಅದೇ ಬೇಕಿತ್ತು. ದಸರೆಯ ಬೈಠಕ್ಕಿಗೆ ಸುತ್ತಲಿನ ಯಾವ ಊರಲ್ಲೂ ಕಾಣದ ಜೋಡಿ ಕುಣಿತ ಆಗಬೇಕು. ಅಲ್ಲಿಯವರೆಗೆ ವಾಡೆಯ ಹಿಂಬದಿಯ ಎರಡು ಕೋಣೆ, ಒಂದು ಪಡಸಾಲೆ ನಮಗೆ. ಜೋಳ, ಎಣ್ಣೆ, ಬೆಲ್ಲ ಅವರದು. ಕುಣಿಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಕುಣಿತ ಧಣಿಗಳ ಮನಸ್ಸಿಗೆ ಬಂದರೆ ಆ ಕೋಣೆಗಳು ಕಾಯಂ ನಮ್ಮವೇ.

ಕಾಯಂ ಎಂಬ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿತ್ತು. ಅವಳಿಗೆ ಹಾಗಲ್ಲ. ಹುಟ್ಟಿದಾಗಿನಿಂದ ಒಬ್ಬರ ಪಡಸಾಲೆಯಿಂದ ಇನ್ನೊಬ್ಬರ ಪಡಸಾಲೆಗೆ ಗಂಟು ಹೊತ್ತು ತಿರುಗಿದವಳು. ಬಂದ ದಿನವೇ ಮಣ್ಣು ಕಲಸಿ ತನ್ನ ಕೈಯಾರೆ ಒಲೆ ಹಾಕಿದಳು. ನಾನು ಗೆಜ್ಜೆ ಬಿಚ್ಚಿ ತೊಳೆಯುತ್ತಿದ್ದರೆ ಅವಳು ಗೋಡೆ ಸಾರಿಸುತ್ತಿದ್ದಳು.

ಮೊದಮೊದಲು ಏನೂ ಹೊಳೆಯಲಿಲ್ಲ. ಇಬ್ಬರೂ ಅಕ್ಕಪಕ್ಕ ನಿಂತು ಕುಣಿದರೆ ಎರಡು ಒಂಟಿ ಕುಣಿತಗಳನ್ನು ಒಂದೇ ಜಾಗದಲ್ಲಿ ತುರುಕಿದಂತೆ ಕಾಣುತ್ತಿತ್ತು. ನನ್ನ ಕಾಲು ಮುಂದೆ ಓಡುತ್ತಿತ್ತು, ಅವಳದು ನಿಧಾನ. "ಮುಧೋಳದಾಕಿ ನೀ, ನಿನ್ನೂರ ಬ್ಯಾಟಿ ನಾಯಿಗೆ ಓಡೂದೊಂದ ಗೊತ್ತು," ಎಂದು ಅವಳು. "ನೀ ನೇಕಾರರೂರ ಬನಹಟ್ಟಿಯಾಕಿ, ನೂಲಿನ ಎಳಿ ಎಣಿಸೂದ್ರಾಗ ದಸರಿ ಬಂದು ಹೋಗಿರತೈತಿ," ಎಂದು ನಾನು. ಪಡಸಾಲೆಯ ನೆಲ ಇಳಿಜಾರಾಗಿದೆ ಎಂದೂ ನಾನು ತಕರಾರು ತೆಗೆದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಮುಖದಲ್ಲೇ ಹೇಳಿದಳು.

ಪಂಚಮಿಯ ದಿನ ಹಿಂದಿನ ಓಣಿಯ ಹುಡುಗಿಯರು ಅಂಗಳದಲ್ಲಿ ಫುಗಡಿ ಆಡುತ್ತಿದ್ದರು. ಇಬ್ಬರು ಎದುರುಬದುರು ನಿಂತು, ಕೈಗೆ ಕೈ ಅಡ್ಡ ಹಾಕಿ ಹಿಡಿದು, ಕಾಲ್ಬೆರಳು ಕೂಡಿಸಿ, ಹಿಂದಕ್ಕೆ ವಾಲಿ ಗರಗರ ತಿರುಗುವ ಆಟ. ನಾವು ಕಿಟಕಿಯಲ್ಲಿ ನಿಂತು ಎಳ್ಳುಂಡೆ ತಿನ್ನುತ್ತ ನೋಡುತ್ತಿದ್ದೆವು. ಅವಳು ತಿನ್ನುವುದನ್ನು ನಿಲ್ಲಿಸಿದಳು.

"ನೋಡ ಬೇ," ಎಂದಳು. "ಈ ಹುಡಿಗ್ಯಾರು ನೋಡೋವ್ರ ಕಡೆ ಮಾರಿನ ಮಾಡವಲ್ರು. ಒಬ್ಬಾಕಿ ಮಾರಿ ಇನ್ನೊಬ್ಬಾಕಿ ನೋಡಾಕತ್ತಾಳ, ಅಷ್ಟ."

ಇದು ಎಂಥ ದೊಡ್ಡ ಮಾತು ಎಂಬುದು ನಮ್ಮ ಕಸುಬಿನವರಿಗೇ ಗೊತ್ತು. ಎದುರಿಗೆ ಕೂತವರ ಕಣ್ಣಿಗೆ ಕಣ್ಣು ಕೊಟ್ಟು ಕುಣಿಯಬೇಕು, ಅವರಿಗೆ ಬೆನ್ನು ತೋರಿಸಬಾರದು ಎಂದು ಗೆಜ್ಜೆ ಕಟ್ಟಿದ ದಿನವೇ ನಮಗೆ ಕಲಿಸಿದ್ದರು. ಜೊತೆಯವಳನ್ನು ನೋಡುತ್ತ ಕುಣಿಯಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ನಾವು ಎದುರುಬದುರು ನಿಂತೆವು. ಫುಗಡಿಯಲ್ಲಿ ಅರ್ಧ ಮನಸ್ಸು ನಡೆಯುವುದಿಲ್ಲ. ಇಬ್ಬರೂ ಪೂರಾ ಹಿಂದಕ್ಕೆ ವಾಲಬೇಕು. ಒಬ್ಬಳು ತನ್ನನ್ನು ತಾನು ಕಾಯ್ದುಕೊಂಡರೆ ಇನ್ನೊಬ್ಬಳು ಬೀಳುತ್ತಾಳೆ. ನಾವು ಬಿದ್ದೆವು, ಮೊಣಕೈ ಕೆತ್ತಿಕೊಂಡೆವು, ನಗುತ್ತ ಎದ್ದೆವು. ಆಮೇಲೆ ಆ ಗಿರಕಿಯನ್ನು ನಿಧಾನ ಮಾಡುವುದನ್ನು ಕಲಿತೆವು. ವೇಗದಲ್ಲಿ ಯಾರಾದರೂ ತಿರುಗಿಯಾರು. ನಿಧಾನವಾಗಿ, ಅವಳ ಭಾರ ನನ್ನ ಮಣಿಕಟ್ಟಿನಲ್ಲಿ, ನನ್ನ ಭಾರ ಅವಳದರಲ್ಲಿ ಇಟ್ಟುಕೊಂಡು ತಿರುಗುವುದೇ ಕಷ್ಟ. ವಾದ್ಯದವರು ಇನ್ನೂ ಬಂದಿರಲಿಲ್ಲ. ಅವಳೇ ಬಾಯಲ್ಲಿ ತಾಳ ಹೇಳುತ್ತಿದ್ದಳು. ಸಿಟ್ಟು, ಮುನಿಸು, ಕೂಡಿಕೆ ಎಲ್ಲ ಆ ಭಾರದ ಹೆಚ್ಚು ಕಡಿಮೆಯಲ್ಲೇ ತಾನಾಗಿ ಬಂತು. ಅಭಿನಯಕ್ಕೆಂದು ಹುಬ್ಬು ಕುಣಿಸುವುದನ್ನು ನಾನು ಮರೆತೇಬಿಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಸುಖ ಮತ್ತೆ ಸಿಗಲಿಲ್ಲ.

ದಸರೆ ಹತ್ತಿರ ಬಂದಾಗ ವಾಡೆಯ ಕಾರಭಾರಿ ತಬಲಾದವನನ್ನು ಕರೆದುಕೊಂಡು ಬಂದ. ಕಾರಭಾರಿ ಕೆಟ್ಟ ಮನುಷ್ಯನಲ್ಲ, ಮರ್ಯಾದಸ್ಥ. ಶುರು ಮಾಡಿದೆವು. ಮೊದಲ ಗಿರಕಿ ಇನ್ನೂ ಅರ್ಧ ಆಗಿತ್ತು, ಕೈ ಎತ್ತಿ ನಿಲ್ಲಿಸಿದ.

"ಛಲೋ ಅದ. ಆದ್ರ ಧಣ್ಯಾರಿಗೆ ಬೆನ್ನ ತೋರಸೂದೇನಿದು? ತಿರಗಿದಾಗೊಮ್ಮೆ ಒಬ್ಬರ ಬೆನ್ನು ಅವರ ಕಡೀನ ಆಗತದಲ್ಲ."

"ಫುಗಡಿ ಅಂದ್ರ ಹಂಗ ರೀ," ಎಂದೆ ನಾನು. "ಬೆನ್ನ ತಿರುಗದ ಗಿರಕಿ ಹೆಂಗ ಹೊಡೀಬೇಕ್ರಿ?"

"ಅದನ್ನ ನೀವ ನೋಡಕೋರಿ. ಅಂಗಳದಾಗಿನ ಆಟ ಬ್ಯಾರೆ, ಬೈಠಕ್ಕ ಬ್ಯಾರೆ."

ಧಣಿಗಳನ್ನೇ ಒಂದು ಸಲ ಕೇಳಿ ನೋಡೋಣ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು, "ಆತ್ರಿ. ತಿದ್ದತೀವ್ರಿ," ಎಂದುಬಿಟ್ಟಳು.

ಅವರು ಹೋದ ಮೇಲೆ ನಾನು ಜಗಳ ತೆಗೆದೆ. ಒಂದು ಮಾತು ನನ್ನನ್ನು ಕೇಳಬೇಕಿತ್ತಲ್ಲ ಎಂದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀ ಇನ್ನೂ ಸಣ್ಣಾಕಿ. ನಿನಗ ಇನ್ನೊಂದ ಕುಣತ ಸಿಗತೈತಿ. ನನಗ ಇನ್ನೊಂದ ಮನಿ ಸಿಗಂಗಿಲ್ಲ."

  ಅವಳ ಮಾತಿನಲ್ಲಿ ಒಂದು ಅರ್ಧ ಖರೆ, ಇನ್ನೊಂದು ಅರ್ಧ ಸುಳ್ಳಾಯಿತು ಎಂದಷ್ಟೇ ಹೇಳಬಲ್ಲೆ.

ತಿದ್ದಿದೆವು. ಅಕ್ಕಪಕ್ಕ ನಿಂತು, ತೋಳಿಗೆ ತೋಳು ಸಿಕ್ಕಿಸಿ, ಅರ್ಧ ಸುತ್ತು ಹೋಗಿ ಹಾಗೇ ಮರಳಿ, ಮುಖ ಯಾವಾಗಲೂ ಧಣಿಗಳ ಕಡೆಗೆ. ಭಾರ ಯಾರೂ ಯಾರ ಮೇಲೂ ಹಾಕುವ ಹಾಗಿರಲಿಲ್ಲ, ನಗು ಮಾತ್ರ ಎದುರಿಗೆ ಇಡಬೇಕಿತ್ತು. ದಸರೆಯ ಬೈಠಕ್ಕಿನಲ್ಲಿ ಎಂಥ ಮೆಚ್ಚುಗೆ ಅಂತೀರಿ! ಸರದಾರರು ಎರಡೆರಡು ಸಲ ಕುಣಿಸಿದರು, ಇಬ್ಬರಿಗೂ ಇಳಕಲ್ಲ ಸೀರೆ ಉಡುಗೊರೆ ಕೊಟ್ಟರು. ನನಗೆ ಖುಷಿಯೂ ಆಯಿತು. ಆ ಖುಷಿಗೆ ಈಗ ನಾಚಿಕೆಯಾಗುತ್ತದೆ.

ಕೋಣೆಗಳು ನಮಗೆ ಸಿಕ್ಕವು. ಹಳೆಯದನ್ನು ನಮಗಾಗಿ ನಾವೇ ಆಗಾಗ ಕುಣಿಯೋಣ, ಬಾಗಿಲು ಹಾಕಿಕೊಂಡರೆ ಕೇಳುವವರಾರು ಎಂದು ನಾನು ಹೇಳುತ್ತಿದ್ದೆ. ಅವಳೂ ಹೂಂ ಎನ್ನುತ್ತಿದ್ದಳು. ಆದರೆ ಇವತ್ತು ಬೀಗರು ಬಂದರು, ನಾಳೆ ಯಾರದೋ ಮುಂಜಿವೆ, ಎಲ್ಲರಿಗೂ ಹೊಸ ಜೋಡಿ ಕುಣಿತವೇ ಬೇಕು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುವಂತೆ ಅದನ್ನೇ ಕುಣಿದೆವು. ಒಳ್ಳೆಯದು ಪೆಟ್ಟಿಗೆಯಲ್ಲಿಟ್ಟ ಸೀರೆಯಂತೆ ಹಾಗೇ ಇರುತ್ತದೆ, ಬೇಕಾದಾಗ ತೆಗೆದು ಉಟ್ಟುಕೊಂಡರಾಯಿತು ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಮುಂದಿನ ದಸರೆ ಕಳೆದು ಬೇಸಿಗೆ ಬರುವಷ್ಟರಲ್ಲಿ ಸಂಸ್ಥಾನಗಳೆಲ್ಲ ವಿಲೀನವಾದವು. ಸರದಾರರು ವಾಡೆಗೆ ಬೀಗ ಹಾಕಿ ಪುಣೆಗೆ ಹೋದರು. ಕಾಯಂ ಎಂಬುದು ಅಷ್ಟೇ ದಿನ ಬಾಳಿತು. ಅವಳು ಗಂಟು ಕಟ್ಟುವಾಗ ಅಳಲಿಲ್ಲ. ನಾನೇ ಅತ್ತೆ, ಅವಳಿಗಾಗಿ. ಅವಳು ಬನಹಟ್ಟಿಗೆ ಮರಳಿ ನೂಲು ಸುತ್ತುವ ಕೆಲಸ ಹಿಡಿದಳು. ನಾನು ನಾಟಕ ಕಂಪನಿ ಸೇರಿ, ಆ ತಿದ್ದಿದ ಕುಣಿತವನ್ನೇ ಬೇರೆ ಬೇರೆ ಹುಡುಗಿಯರ ಜೊತೆ ವರ್ಷಗಟ್ಟಲೆ ಕುಣಿದು, ಕೊನೆಗೆ ಹೆಣ್ಣುಮಕ್ಕಳ ಸಾಲೆಯಲ್ಲಿ ಹಾಡು ಕಲಿಸುವವಳಾದೆ.

ಹೋದ ವರ್ಷ ಅವಳನ್ನು ಹುಡುಕಿಕೊಂಡು ಬನಹಟ್ಟಿಗೆ ಹೋಗಿದ್ದೆ. ತಮ್ಮನ ಮಗನ ಮನೆಯ ಹಿತ್ತಲಲ್ಲಿ ಒಂದು ಕೋಣೆ ಅವಳಿಗಿತ್ತು. ಚಹಾ ಆದ ಮೇಲೆ ಕೇಳಿಯೇಬಿಟ್ಟೆ.

"ಮದಲಿನ ಕುಣತದಾಗ, ನಿಧಾನ ಗಿರಕಿ ಆದಮ್ಯಾಲ, ನಾವು ಯಾವ ಕೈ ಬಿಡತಿದ್ವಿ?"

"ಕೈ ಎಲ್ಲಿ ಬಿಟ್ಟಿದ್ವಿ? ಕಡೀತನಾ ಹಿಡಕೊಂಡ ಇದ್ವಿ."

ಬಿಟ್ಟಿದ್ದೆವು, ಒಂದು ಕೈ ಬಿಟ್ಟು ಬಾಗಿಲು ತೆರೆದಂತೆ ಅಗಲವಾಗುತ್ತಿದ್ದೆವು, ನನಗೆ ಚೆನ್ನಾಗಿ ನೆನಪಿದೆ ಎಂದೆ. ಅವಳು ಒಪ್ಪಲಿಲ್ಲ. ಮುನಿಸು ಮೊದಲೋ ಗಿರಕಿ ಮೊದಲೋ ಎಂಬುದರಲ್ಲೂ ನಮಗೆ ಹೊಂದಲಿಲ್ಲ. ನೋಡಿದವರೊಬ್ಬರಿದ್ದರೆ ಕೇಳಬಹುದಿತ್ತು. ಕೊನೆಗೆ, "ಏಳು, ಕಾಲಿಗೆ ಗೊತ್ತಿರತೈತಿ," ಎಂದು ಅವಳೇ ಗೋಡೆ ಹಿಡಿದು ಎದ್ದಳು.

ಹಿತ್ತಲಲ್ಲಿ ಎದುರುಬದುರು ನಿಂತು ಕೈ ಹಿಡಿದೆವು. ಅವಳು ಬಾಯಲ್ಲಿ ತಾಳ ಶುರುಮಾಡಿದಳು. ಕಾಲುಗಳು ತಡಮಾಡದೆ ನಡೆದವು. ನೋಡನೋಡುತ್ತ ತೋಳಿಗೆ ತೋಳು ಸಿಕ್ಕಿತು, ಅರ್ಧ ಸುತ್ತು ಹೋಗಿ ಮರಳಿದೆವು, ಅಕ್ಕಪಕ್ಕ ನಿಂತೆವು. ಗದ್ದ ಎತ್ತಿ, ಹಿತ್ತಲ ಗೋಡೆಯ ಕಡೆ ಮುಖ ಮಾಡಿ, ಇಬ್ಬರೂ ನಗುತ್ತಿದ್ದೆವು.

ತಾಳ ನಿಂತಿತು.

"ಯಾರ ಕುಂತಾರ ಬೇ ಅಲ್ಲಿ?" ಎಂದಳು.

ಯಾರೂ ಇರಲಿಲ್ಲ. ಆದರೂ ತಿರುಗಿ ಅವಳ ಮುಖ ನೋಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.