ಸೋಮವಾರ ಹೂಡದ ಎತ್ತು

ಬಣ್ಣ ಹಚ್ಚದ ಮುಖ, ಹಾಡಿಲ್ಲದ ಕತೆ, ಯಾವ ಸ್ಟುಡಿಯೋದ ಹಂಗೂ ಇಲ್ಲದ ಕೆಲಸ. ನನ್ನ ಸಿನಿಮಾಗಳ ಬಗ್ಗೆ ಪತ್ರಿಕೆಯವರು ಬರೆಯುವುದು ಇದನ್ನೇ. ಇದ್ದದ್ದನ್ನು ಇದ್ದಂತೆ ತೋರಿಸುವ ನಿರ್ದೇಶಕ ಎಂದೂ ಹೇಳುತ್ತಾರೆ. ಆ ಮಾತಿಗೆ ನಾನು ತಲೆ ತಗ್ಗಿಸುತ್ತೇನೆ. ವಿನಯ ಅಂದುಕೊಳ್ಳುತ್ತಾರೆ.

ಐವತ್ತರ ದಶಕದ ಕೊನೆ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹೇಳಿಕೊಳ್ಳಲು ಇಂದಿಗೂ ಸಂಕೋಚವಿಲ್ಲ. ಮೈಸೂರಿನ ಗೆಳೆಯನ ಕ್ಯಾಮೆರಾ ತಂದು, ಸೊರಬದ ಕಡೆಯ ನಮ್ಮೂರಿನಲ್ಲಿ ಬೇಸಾಯದ ಮೇಲೊಂದು ಕಿರುಚಿತ್ರ ತೆಗೆಯುತ್ತಿದ್ದೆ. ನೇಗಿಲ ಗುಳ ಮಣ್ಣು ಸೀಳುವುದೊಂದು ಬಾಕಿ. ಮರುದಿನ ಕ್ಯಾಮೆರಾ ಹಿಂದಿರುಗಿಸಬೇಕು. ಅಂದು ಸೋಮವಾರ, ಬಸವಣ್ಣನ ದಿನ. ಆ ದಿನ ನಮ್ಮಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಅಪ್ಪನ ಜೋಡಿಯನ್ನು ನೋಡಲೆಂದೇ ಕುಬಟೂರಿನಿಂದ ಜನ ಬರುತ್ತಿದ್ದರು, ಅಂಥ ಎತ್ತುಗಳು.

“ಒಂದೇ ಒಂದ್ ಸಾಲು, ಅಪ್ಪಾ.”

“ಎತ್ತು ಮುಟ್‌ಬ್ಯಾಡ. ನಿಂಗೆ ಗುಳ ಕಂಡ್ರೆ ಸಾಕಲ್ಲ?”

“ಸಾಕು. ಅಷ್ಟೇ ಕಾಣೋದು.”

“ಹಂಗಾರೆ ನಾನೇ ಎಳೀತೀನಿ ತಗ. ರಜಾ ಎತ್ತಿಗೆ, ನಂಗಲ್ಲ.”

ಅಣ್ಣ ಹಿಂದೆ ನಿಂತು ನೇಗಿಲ ಮೇಳಿ ಹಿಡಿದ. ಅಪ್ಪ ನೊಗಕ್ಕೆ ಹೆಗಲು ಕೊಟ್ಟರು. ಗುಳದ ಚಿತ್ರ ತೆಗೆದೆ. ಆಮೇಲೆ, ಬೇಕೆಂದೇ, ಕ್ಯಾಮೆರಾ ಮೇಲೆತ್ತಿದೆ: ಬಾಗಿದ ಬೆನ್ನು, ಉಬ್ಬಿದ ನರ, ಏದುಸಿರಿಗೆ ತೆರೆದ ಬಾಯಿ. ನೆಲ ನೋಡುತ್ತಿದ್ದ ಅವರಿಗೆ ತಿಳಿಯಲಿಲ್ಲ.

ಬೆಂಗಳೂರಿನಲ್ಲಿ ಆ ಮುಖಕ್ಕೆ ಚಪ್ಪಾಳೆ ಬಿತ್ತು. ಎತ್ತಿಗೂ ಗತಿಯಿಲ್ಲದ ರೈತನೆಂದು ಜನ ಕಣ್ಣೊರೆಸಿಕೊಂಡರು. ನಾನು ತಿದ್ದಲಿಲ್ಲ. ನನ್ನ ಮುಂದಿನ ಚಿತ್ರಕ್ಕೆ ಆಸರೆ ಸಿಕ್ಕಿದ್ದೇ ಆ ಮುಖದಿಂದ.

ಬೇಸಾಯದ ಆ ಕಿರುಚಿತ್ರವನ್ನು ಶಿಕಾರಿಪುರದ ಟೆಂಟಿನಲ್ಲಿ ತೋರಿಸಿದಾಗ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಮುಂದೆಯೇ ಕೂತಿದ್ದರು. ಅವರ ಮುಖ ಪರದೆ ತುಂಬಿತು. ಅಣ್ಣನ ಮಾವ, ಈಸೂರಿನವರು, ಹಿಂದಿನಿಂದ ಕೂಗಿದರು:

“ಏನ್ರೀ ಬೀಗ್ರೇ, ಮಗನ್ನ ಓದ್ಸಾಕೆ ಎತ್ತೂ ಮಾರಿದ್ರೇನ್ರೀ?”

“ಇಲ್ರೀ, ಅವತ್ತು ಸೋಮವಾರ,” ಅಂದರು ಅಪ್ಪ.

ಟೆಂಟಿಗೆ ಟೆಂಟೇ ನಕ್ಕಿತು. ಅಪ್ಪ ನನ್ನತ್ತ ತಿರುಗಿದರು. ನಾನು ಎದ್ದು ನಿಂತು, ಹೌದು, ಅವತ್ತು ಸೋಮವಾರ ಅನ್ನಬಹುದಿತ್ತು. ಪರದೆಯತ್ತ ಮುಖ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದರೆ, ಅಪ್ಪ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹೂಡಿ ನಿಂತಿದ್ದರು.

“ಇವತ್ತು ಸೋಮವಾರ ಅಲ್ಲ. ತೆಗಿ, ನೋಡಾನ.”

ಕ್ಯಾಮೆರಾ ಮೈಸೂರಿನಲ್ಲಿತ್ತು. ಬರಿಗೈಯಲ್ಲಿ ಬದುವಿನ ಮೇಲೆ ನಿಂತೆ. ಅಪ್ಪ ನನ್ನ ಕೈ ನೋಡಿದರು. ಆದರೂ ಹೊಲದ ಈ ಕಡೆಯಿಂದ ಆ ಕಡೆಗೆ, ತಲೆ ನೆಟ್ಟಗಿಟ್ಟುಕೊಂಡು, ಒಂದು ಸಾಲು ಹೊಡೆದರು.