ಪೋಷಕರನ್ನು ಕರೆದುಕೊಂಡು ಬಾ

ಗ್ಯಾರೇಜಿನಲ್ಲಿ ನಜ್ಜುಗುಜ್ಜಾದ ಕಾರುಗಳ ತಗಡು ಬಡಿಯುತ್ತಿದ್ದ ಅವನಿಗೆ ಎಲ್ಲರೂ ಇಟ್ಟ ಹೆಸರು ಸುತ್ತಿಗೆ. ಬಡಿದರೆ ನೆಟ್ಟಗಾಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂದು ನಂಬಿದ್ದವನು, ಹೊರಗಿನಿಂದಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳನ್ನು ಕಟ್ಟಿ, ಐವತ್ತೆರಡನೇ ವಯಸ್ಸಿನಲ್ಲಿ ಕಾಲೇಜು ಸೇರಿದ.

ಮೂರನೇ ವಾರ ಇಬ್ಬರು ಸೀನಿಯರುಗಳು ಅವನ ಕನ್ನಡಕ ಕಿತ್ತುಕೊಂಡು, "ತಾತ, ಸಲಾಂ ಹೊಡಿ" ಅಂದರು. ಅವನು ಸಲಾಂ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೊಡೆದ. ಒಬ್ಬನ ಮೂಗಿನಿಂದ ರಕ್ತ ಬಳಬಳನೆ ಸುರಿಯಿತು. ಇನ್ನೊಬ್ಬನ ಎರಡು ಹಲ್ಲು ಬೆಂಚಿನ ಮೇಲೆ ಉದುರಿದವು. ಬಿಡಿಸಲು ಬಂದ ಜವಾನನಿಗೂ ಒಂದು ಗುದ್ದು ಬಿತ್ತು.

"ಪೋಷಕರನ್ನ ಕರ್ಕೊಂಡು ಬಾ. ಅಲ್ಲೀವರೆಗೂ ಕ್ಲಾಸಿಗೆ ಕಾಲಿಡಬೇಡ!" ಎಂದು ಪ್ರಿನ್ಸಿಪಾಲರು ತಲೆ ಎತ್ತದೆಯೇ ಗದರಿದರು. ಆಮೇಲೆ ಅವನ ನರೆಗೂದಲು ಕಂಡು ನಾಲಿಗೆ ಕಚ್ಚಿಕೊಂಡರು.

ಅವನು ಮಾತ್ರ ಬೆವತುಹೋದ. ಏಳನೇ ಕ್ಲಾಸಿನಲ್ಲಿ ಪಕ್ಕದವನ ತಲೆ ಒಡೆದಾಗಲೂ ಇದೇ ಮಾತು ಬಂದಿತ್ತು. ಅಂದು ಹೆದರಿ, ಓದು ತಲೆಗೆ ಹತ್ತುತ್ತಿಲ್ಲ ಎಂದು ಅಮ್ಮನಿಗೆ ಸುಳ್ಳು ಹೇಳಿ ಗ್ಯಾರೇಜು ಸೇರಿದ್ದ.

ಮರುದಿನ ಅವನ ಜೊತೆ ಎಪ್ಪತ್ತೆಂಟರ ಅಮ್ಮ ಕೋಲೂರಿಕೊಂಡು ಬಂದಳು. ಪ್ರಿನ್ಸಿಪಾಲರು ಹೊಡೆದಾಟ ವಿವರಿಸುವಾಗ ಸುಮ್ಮನೆ ಕೇಳಿಸಿಕೊಂಡಳು. ಆ ಹಳೆಯ ಸುಳ್ಳನ್ನು ಮಗನೇ ಬಾಯಿಬಿಟ್ಟಾಗ ಮಾತ್ರ ಕೋಲು ಮೇಲೆದ್ದಿತು. ಬೆನ್ನಿಗೆ ಬಿತ್ತು, ಭುಜಕ್ಕೆ ಬಿತ್ತು, ಮತ್ತೆ ಬೆನ್ನಿಗೆ ಬಿದ್ದು ಎರಡು ತುಂಡಾಯಿತು. ಹಲ್ಲು ಕಳೆದುಕೊಂಡವನೇ ಬಾಗಿಲಿನಿಂದ ಓಡಿಬಂದು, "ಬಿಟ್ಬಿಡಿ ಅಜ್ಜಿ!" ಎಂದು ಅಡ್ಡ ನಿಂತ.

ಮುರಿದ ತುಂಡು ಹಿಡಿದ ಅಮ್ಮ ಏದುಸಿರಿನಲ್ಲೇ ಕೇಳಿದಳು: "ಆವತ್ತೇ ಕರೆದಿದ್ರೆ ನಾನು ಬರ್ತಿರಲಿಲ್ವೇನೋ, ಪಾಪಿ?"